ಕಡೆಯ ತುಂಡು

ನಮ್ಮಕ್ಕನ ಬಲಗೈಯ ತೋರುಬೆರಳನ್ನು ಫೋನು ಗುರುತಿಸುತ್ತಿರಲಿಲ್ಲ. ನಲವತ್ತು ವರ್ಷ ಸೂಜಿ ಚುಚ್ಚಿಸಿಕೊಂಡ ಬೆರಳು ಅದು. ತುದಿ ಹುಣಸೆಬೀಜದಷ್ಟು ಗಟ್ಟಿಯಾಗಿತ್ತು. ಎಷ್ಟು ಒತ್ತಿದರೂ ಗಾಜಿನ ಮೇಲಿನ ಚಿತ್ರ ಅಲುಗುತ್ತಿರಲಿಲ್ಲ. "ನಾ ಜೀವಂತ ಅದೀನೋ ಇಲ್ಲೋ ಅಂತ ಇದಕ್ಕ ಸಂಶೆ ಬಂದದ ನೋಡು" ಎಂದು ನಕ್ಕು, ಎಡಗೈಯ ಉಂಗುರಬೆರಳಿನಿಂದ ಫೋನಿನ ಆಟ ಆಡುವುದನ್ನು ಕಲಿತಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ನಾನು ಹಿರೋಳ್ಳಿಯಿಂದ ಅಫಜಲಪುರದ ಈ ಮನೆಗೆ ಸೊಸೆಯಾಗಿ ಬಂದಾಗ ಅವಳು ಆಗಲೇ ಗಂಡನನ್ನು ಕಳೆದುಕೊಂಡಿದ್ದಳು. ಮಕ್ಕಳಿರಲಿಲ್ಲ. ಮೂವತ್ತೂ ತುಂಬಿರದ ಹೆಣ್ಣು ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಹಳೆ ಸೀರೆಗಳನ್ನು ಹರಿದು ಕೌದಿ ಹೊಲಿಯುತ್ತಾ ಕೂತಿತ್ತು. ನನ್ನ ಬಾಯಿ ಎಂಥದು ಅಂತ ಓಣಿಗೆಲ್ಲ ಗೊತ್ತು. ಅತ್ತೆಗೂ ಬಿಟ್ಟಿಲ್ಲ, ಗಂಡನಿಗೂ ಬಿಟ್ಟಿಲ್ಲ. ಅವಳ ಜೊತೆ ಮಾತ್ರ ಒಂದು ದಿನವೂ ಜಗಳವಾಗಲಿಲ್ಲ. ಜಗಳಕ್ಕೆ ಅವಳು ಸಿಗಬೇಕಲ್ಲ!

ಅವಳ ಕೌದಿಗೆ ಗಾಣಗಾಪುರದಿಂದ, ಘತ್ತರಗಿಯಿಂದ ಹೆಣ್ಣುಮಕ್ಕಳು ಹುಡುಕಿಕೊಂಡು ಬರುತ್ತಿದ್ದರು. ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ಒಳಗೆ ಹೊಲಿಯುತ್ತಾ ಬರುತ್ತಾರೆ. ಕಡೆಯ ತುಂಡು ನಟ್ಟನಡುವೆ ಬೀಳುತ್ತದೆ. ಅದನ್ನು ಮುಚ್ಚುವ ಮೊದಲು ಒಳಗೆ ಒಂದು ಚಿಟಿಕೆ ಸಕ್ಕರೆ ಹಾಕುವುದು ನಮ್ಮ ಮನೆಯ ಪದ್ಧತಿ, ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು ಅಂತ. ಆ ಕಡೆಯ ಹೊಲಿಗೆಯನ್ನು ಮುತ್ತೈದೆಯೇ ಹಾಕಬೇಕು. ಗೋಡೆಯ ಮೇಲೆ ಶರಣರ ಫೋಟೋ, ಕೊರಳಲ್ಲಿ ಲಿಂಗ, ಬಾಯಿ ಬಿಟ್ಟರೆ ಎಲ್ಲರೂ ಸಮಾನರು. ಕೌದಿಯ ವಿಷಯಕ್ಕೆ ಬಂದಾಗ ಮಾತ್ರ ಈ ಕಟ್ಟಳೆ! ತಿಂಗಳುಗಟ್ಟಲೆ ಕಣ್ಣು ಸವೆಸಿದವಳು ಅಕ್ಕ. ಕಡೆಗೆ ಒಂದು ಗೇಣು ದಾರ ಎಳೆದು ಮುಗಿಸುತ್ತಿದ್ದವಳು ನಾನು. ಗುಂಡಿ ಹಚ್ಚುವುದೂ ನೆಟ್ಟಗೆ ಬಾರದ ನಾನು. ಇದರಲ್ಲಿ ಏನಾದರೂ ಅನ್ಯಾಯ ಇದೆ ಅಂತ ನನಗೆ ಮೂವತ್ತು ವರ್ಷ ಅನ್ನಿಸಲೇ ಇಲ್ಲ, ನನ್ನ ಜನ್ಮಕ್ಕಿಷ್ಟು.

ಕಣ್ಣಿನ ಪೊರೆ ತೆಗೆಸಿದಾಗ ಡಾಕ್ಟರು ಕೆಲವು ವಾರ ಸೂಜಿ ಮುಟ್ಟಬೇಡಿ ಎಂದರು. ವಾರಗಳು ಮುಗಿದ ಮೇಲೂ ಸಣ್ಣ ಹೊಲಿಗೆ ಮಂಜುಮಂಜಾಗಿಯೇ ಕಾಣುತ್ತಿತ್ತು. ಕೈ ಸುಮ್ಮನಿರಲಾರದೆ ಸೆರಗಿನ ತುದಿಯನ್ನೇ ಹೊಸೆಯುತ್ತಾ ಕೂಡುತ್ತಿದ್ದಳು. ಆಗ ನನ್ನ ಮಗಳು ತನ್ನ ಹಳೆಯ ಫೋನಿಗೆ ಚಿತ್ರ ಜೋಡಿಸುವ ಆಟ ಹಾಕಿ ಕೊಟ್ಟಳು. ಒಂದು ಚಿತ್ರ, ಅದರ ಮೂವತ್ತಾರು ತುಂಡು, ಬೇಕಾದರೆ ನೂರು. ಬೆರಳಿನಿಂದ ಎಳೆದು ಜಾಗಕ್ಕೆ ಕೂಡಿಸಬೇಕು. ಗಡಿಬಿಡಿಯಿಲ್ಲ, ಸೋಲು ಗೆಲುವಿಲ್ಲ, ಹಿಂದೆ ಸಣ್ಣಗೆ ಪಿಯಾನೋ. ಮನಸ್ಸಿಗೆ ಶಾಂತಿ ಕೊಡುವ ಆಟ ಅಂತ ಮೊದಲ ಪುಟದಲ್ಲೇ ಬರೆದುಕೊಂಡಿದ್ದಾರೆ. ಆಡುವವರಿಗೆ ಕೊಡುತ್ತದೋ ಏನೋ, ನನಗಂತೂ ಕೊಡಲಿಲ್ಲ.

ಯಾರೂ ಹೇಳಿಕೊಡದೆಯೇ ಅಕ್ಕ ಅಂಚಿನ ತುಂಡುಗಳನ್ನು ಮೊದಲು ಹುಡುಕಿದಳು. ಆಮೇಲೆ ಬಣ್ಣ ಬಣ್ಣ ಬೇರೆ ಮಾಡಿದಳು. ತುಂಡು ಕೂಡದಿದ್ದರೆ ಸಿಟ್ಟಾಗುತ್ತಿರಲಿಲ್ಲ. "ತುಂಡು ತಪ್ಪು ಇರೂದಿಲ್ಲ ತಂಗಿ, ಜಾಗಾ ತಪ್ಪಿರ್ತದ" ಎನ್ನುತ್ತಿದ್ದಳು. ನಡುನಡುವೆ ಜಾಹೀರಾತು ಬರುತ್ತಿತ್ತು. ಅದರಲ್ಲಿ ಯಾವನೋ ಗಂಡಸು ಕಾಣಿಸಿಕೊಂಡು ಕೂಗಾಡತೊಡಗಿದರೆ ಅಕ್ಕ ಥಟ್ಟನೆ ತಲೆ ತುಂಬ ಸೆರಗು ಹೊದ್ದು, ಫೋನನ್ನು ಬೋರಲು ಹಾಕುತ್ತಿದ್ದಳು. ಮಗಳು ಬಿದ್ದು ಬಿದ್ದು ನಗುತ್ತಿದ್ದಳು.

ಮೊದಲ ಚಿತ್ರ ಮುಗಿದ ದಿನ ನಾನು ಪಕ್ಕದಲ್ಲಿ ಮೆಂತೆಸೊಪ್ಪು ಬಿಡಿಸುತ್ತಿದ್ದೆ. ಕಡೆಯ ತುಂಡು ಕೂತದ್ದೇ ತಡ, ಪರದೆಯ ತುಂಬ ಹೂ ಉದುರಿದವು, ಗಂಟೆ ಬಾರಿಸಿತು. ಅಕ್ಕ ಗಾಬರಿಯಾಗಿ ಆಚೀಚೆ ನೋಡಿದಳು.

"ಮುಗೀತೇನು ಇದು? ನಾನೇ ಮುಗಿಸಿದ್ನೇನು?"

"ಮತ್ತ್ಯಾರು ಬಂದಿದ್ರು ಇಲ್ಲಿ?"

"ಇದಕ್ಕ ಮುತ್ತೈದಿ ಬ್ಯಾಡೇನ ತಂಗಿ?"

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಅಂದಿನಿಂದ ದಿನಕ್ಕೆ ಎರಡು ಚಿತ್ರ. ಕಡೆಯ ತುಂಡಿಗೆ ಬಂದಾಗ ನನ್ನನ್ನು ಕರೆದು, ನಾನು ನೋಡುತ್ತಿದ್ದೇನೆ ಅಂತ ಖಾತ್ರಿ ಮಾಡಿಕೊಂಡು, ನಿಧಾನವಾಗಿ ಕೂಡಿಸಿ, ಹೂ ಉದುರುವುದನ್ನು ಬಾಯಿ ತೆರೆದು ನೋಡುತ್ತಿದ್ದಳು. ಅರವತ್ತು ಮುಟ್ಟುತ್ತಿದ್ದವಳ ಮುಖದಲ್ಲಿ ಅಂಥ ಹಿಗ್ಗು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಜೇವರ್ಗಿಗೆ ಕೊಟ್ಟಿದ್ದ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಳು. ಅಷ್ಟರಲ್ಲಿ ಅಕ್ಕನ ಕಣ್ಣು ಸುಧಾರಿಸಿತ್ತು. ತೊಟ್ಟಿಲಿಗೆ ಹಾಸುವ ಕೌದಿಯನ್ನು ಅವಳೇ ಹೊಲಿದಳು. ತನ್ನ ಮದುವೆಯ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಹರಿದು, ಅದಕ್ಕೆ ಹಾಕಿದಳು. ಅವಳ ಹತ್ತಿರ ಉಳಿದಿದ್ದ ಒಂದೇ ಒಂದು ಬಣ್ಣದ ಸೀರೆ ಅದು. ತೊಟ್ಟಿಲ ಕಾರ್ಯದ ಮುಂಜಾನೆ ನನ್ನನ್ನು ಅಡುಗೆಮನೆಗೆ ಕರೆದಳು.

"ಒಂದು ಕೇಳ್ತೇನಿ ತಂಗಿ, ಬೈಬ್ಯಾಡ. ಈ ಕೌದಿ ಕಡೀ ಹೊಲಿಗಿ ನಾ ಹಾಕ್ಲೇನು? ಇದೊಂದೇ."

ಮೂವತ್ತು ವರ್ಷದಲ್ಲಿ ಅವಳು ನನ್ನನ್ನು ಏನನ್ನೂ ಕೇಳಿರಲಿಲ್ಲ. ನಾನು ದೊಡ್ಡ ಧೀರೆಯ ಹಾಗೆ, "ಹಾಕಕ್ಕಾ! ಯಾರಿಗೆ ಅಂಜೂದು? ಯಾವಾಕಿ ಏನಂತಾಳೋ ನಾ ನೋಡ್ಕೋತೇನಿ" ಎಂದೆ. ಅವಳು ಸಕ್ಕರೆ ಹಾಕಿ, ಅಲ್ಲೇ ಒಲೆಯ ಮುಂದೆ ಕೂತು ಹೊಲಿಗೆ ಹಾಕಿದಳು. ಸೂಜಿಯ ಒಂದೊಂದು ಟಾಕಿಯೂ ಜೋಳದ ಕಾಳು ಸಾಲಾಗಿ ಇಟ್ಟಂತಿತ್ತು.

ಮಧ್ಯಾಹ್ನ ಜೇವರ್ಗಿಯಿಂದ ಬೀಗತಿ ಬಂದರು, ಅಂದರೆ ಮಗಳ ಅತ್ತೆ. ಪಡಸಾಲೆ ತುಂಬ ಹೆಣ್ಣುಮಕ್ಕಳು. ಬೀಗತಿ ಕೌದಿಯನ್ನು ಬಿಚ್ಚಿ ಹರಡಿ, ಕೈಯಾಡಿಸಿ ಮೆಚ್ಚಿದರು. ಆಮೇಲೆ ಕೇಳಿದರು, "ಕಡೀ ಹೊಲಿಗಿ ಯಾರು ಹಾಕ್ಯಾರ್ರಿ?"

ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ನನ್ನತ್ತ ನೋಡಿದಳು. ಪಡಸಾಲೆಯೆಲ್ಲ ನನ್ನತ್ತಲೇ ನೋಡುತ್ತಿತ್ತು. ಆ ಗಳಿಗೆಯಲ್ಲಿ ಊರಿಗೆಲ್ಲ ಗೊತ್ತಿದ್ದ ನನ್ನ ಬಾಯಿ ಎಲ್ಲಿ ಹೋಗಿತ್ತೋ. ಮಗಳ ಸಂಸಾರ, ಮೊಮ್ಮಗನ ತೊಟ್ಟಿಲ ದಿನ, ನಾಳೆ ಕೂಸಿಗೆ ಜ್ವರ ಬಂದರೂ ಇದನ್ನೇ ಎತ್ತಿ ಆಡುತ್ತಾರೆ ಎಂದು ಒಂದೇ ಉಸಿರಿಗೆ ಎಲ್ಲ ತಲೆಗೆ ಬಂತು.

"ಇನ್ನೂ ಹಾಕಿಲ್ರಿ. ಅದು ಬರೇ ಕಚ್ಚಾ ಟಾಕಿ ಅದ, ಅರಿವಿ ಸರೀಬಾರ್ದಂತ ಹಾಕಿದ್ದು. ಈಗ ನಾ ಹಾಕ್ತೇನಿ ನೋಡ್ರಿ."

ಹೀಗೆ ಹೇಳಿ ಬ್ಲೇಡು ತೆಗೆದುಕೊಂಡು ಅಕ್ಕನ ಹೊಲಿಗೆಯನ್ನು ಅವಳ ಕಣ್ಣೆದುರೇ ಒಂದೊಂದಾಗಿ ಕೊಯ್ದೆ. ಸಕ್ಕರೆ ಚೆಲ್ಲಿತು. ಸೂಜಿಗೆ ದಾರ ಪೋಣಿಸಲು ಹೋದರೆ ಅದು ಕಣ್ಣಿನ ಪಕ್ಕಕ್ಕೇ ಹೋಗುತ್ತಿತ್ತು. ಅಕ್ಕ ಬಂದು ಸೂಜಿ ಇಸಕೊಂಡು, ದಾರ ಪೋಣಿಸಿ, ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಸೊಟ್ಟಸೊಟ್ಟ ನಾಲ್ಕು ಹೊಲಿಗೆ ಹಾಕಿದೆ. ಎಲ್ಲರೂ ಆರತಿಗೆ ಎದ್ದರು.

ಬೀಗರು ಹೋದ ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಅಕ್ಕ ಫೋನು ಹಿಡಿದು ಬಂದಳು. ಹಿಮ ಬಿದ್ದ ಒಂದು ಮನೆಯ ಚಿತ್ರ, ಕಿಟಕಿಯ ಜಾಗ ಖಾಲಿ, ಒಂದೇ ತುಂಡು ಉಳಿದಿತ್ತು.

"ತಗೋ. ಕಡೀದು ನೀ ಹಾಕು."

"ನಿನ್ನ ಆಟ ಅದು ಅಕ್ಕಾ. ನೀನೇ ಹಾಕು."

"ನಾ ಹಾಕಿದ್ದು ಕಚ್ಚಾ ಆಗ್ತದ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಹಿಟ್ಟಿನ ಬೆರಳಿನಿಂದ ಕಿಟಕಿ ಕೂಡಿಸಿದೆ. ಹೂ ಉದುರಿದವು. ಅವಳು ಹೂ ನೋಡಲಿಲ್ಲ, ಸೆರಗಿನಿಂದ ಗಾಜಿನ ಮೇಲಿನ ಹಿಟ್ಟು ಒರೆಸಿಕೊಂಡು ಹೋದಳು. ಅಂದಿನಿಂದ ದಿನಕ್ಕೆರಡು ಸಲ ಇದೇ ಕತೆ, ಎರಡು ವರ್ಷ. ಬಟ್ಟೆ ಒಗೆಯುತ್ತಿದ್ದರೆ ಕಾಯುತ್ತಾ ನಿಲ್ಲುತ್ತಿದ್ದಳು. ಅದು ಸೇಡೋ, ನಿಜವಾಗಿಯೂ ನಂಬಿಬಿಟ್ಟಳೋ, ನನಗೆ ತಿಳಿಯಲಿಲ್ಲ. ತಪ್ಪಾಯಿತು ಅನ್ನಲು ನಾಲಿಗೆ ಏಳಲಿಲ್ಲ. ಬದಲಿಗೆ ದೊಡ್ಡ ಪರದೆಯ ಹೊಸ ಫೋನು ಕೊಡಿಸಿದೆ. ನನ್ನಂಥವರಿಗೆ ಅದು ಸುಲಭ. "ಛಂದ ಅದ" ಎಂದಳು. ಕಡೆಯ ತುಂಡು ನನ್ನ ಹತ್ತಿರವೇ ಬಂತು.

ಹೊಟ್ಟೆಯ ಬೇನೆ ಜೋರಾಗಿ ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆವು. ಒಂದು ಮಧ್ಯಾಹ್ನ ಫೋನು ಕೇಳಿದಳು. ಮೂವತ್ತಾರು ತುಂಡಿನ ಚಿತ್ರಕ್ಕೆ ಎರಡು ತಾಸು ಹಿಡಿಯಿತು. ಕಡೆಗೆ ಎಂದಿನಂತೆ ನನ್ನತ್ತ ಚಾಚಿದಳು. ನನಗೆ ತಡೆಯಲಾಗಲಿಲ್ಲ.

"ಇದೊಂದು ನೀ ಹಾಕಕ್ಕಾ, ನಿನ್ನ ಕಾಲಿಗೆ ಬೀಳ್ತೇನಿ. ಅವತ್ತು ನಿನ್ನ ಹೊಲಿಗಿ ಕಚ್ಚಾ ಇರ್ಲಿಲ್ಲ. ನಾ ಸುಳ್ಳು ಹೇಳ್ದೆ."

ಅಕ್ಕ ಚಾಚಿದ್ದ ಫೋನನ್ನು ಹಿಂದಕ್ಕೆ ಎಳೆದುಕೊಂಡಳು.

"ಗೊತ್ತದ ತಂಗಿ. ಇದನ್ನ ಮಂದ್ಯಾಗ ಹೇಳ್ಬೇಕಾಗಿತ್ತು."

ಫೋನನ್ನು ಹಾಸಿಗೆಯ ಮೇಲಿಟ್ಟು ಗೋಡೆಯ ಕಡೆ ಹೊರಳಿದಳು. ಆ ತುಂಡನ್ನು ಅವಳೂ ಹಾಕಲಿಲ್ಲ, ನಾನೂ ಹಾಕಲಿಲ್ಲ. ಮೂರನೆಯ ದಿನ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಜನ ಬರತೊಡಗಿದರು. ಜೇವರ್ಗಿಯ ಬೀಗತಿಯೂ ಬಂದರು. ಪಡಸಾಲೆ ತುಂಬಿತ್ತು. ಅವರು ನನ್ನ ಕೈ ಹಿಡಿದುಕೊಂಡು ಎಲ್ಲರಿಗೂ ಕೇಳುವಂತೆ, "ಭಾಳ ಸಮಾಧಾನಿ ಇದ್ರು ನಿಮ್ಮಕ್ಕ. ಆ ಕೌದಿ ಇನ್ನೂ ಅದರೀ, ಕೂಸು ಅದಿಲ್ದ ಮಲಗೂದಿಲ್ಲ. ಎಷ್ಟೇ ಆಗ್ಲಿ ಕಡೀ ಹೊಲಿಗಿ ನಿಮ್ಮ ಕೈಲೇ ಬಿದ್ದದ ನೋಡ್ರಿ, ಕೈಗುಣ ಛಲೋ ಅದ" ಎಂದರು.

ಮಂದಿ ಇದ್ದರು. ಎಲ್ಲರೂ ಕೇಳುತ್ತಿದ್ದರು. ನಾನು ಬಾಯಿ ತೆರೆದೆ.

"ಚಹಾ ಆರ್ತದ, ತಗೋರಿ" ಎಂದೆ.