ಕೌದಿಯ ಹೊಟ್ಟೆ

ಸರ್ರ್... ಸರ್ರ್... ದಪ್ಪ ದಾರ ನಾಲ್ಕು ಪದರು ಅರಿವೆಯೊಳಗಿಂದ ಹಾದು ಬರುವ ಸಪ್ಪಳ. ನಮ್ಮ ಪಡಸಾಲೆಯಲ್ಲಿ ನಲವತ್ತು ವರ್ಷ ಕೇಳಿದ್ದೆ. ಕೊನೆಗೆ ಕೇಳಿದ್ದು ಮಾತ್ರ ಗೋಪನಕೊಪ್ಪದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯ ನಾಲ್ಕನೇ ಕ್ಲಾಸಿನಲ್ಲಿ.

ರಿಟೈರ್ ಆದ ಮೇಲೆ ವಾರಕ್ಕೆರಡು ದಿನ ಆ ಮಕ್ಕಳಿಗೆ ಹಬ್ಬ, ಕೈಕಸುಬುಗಳ ಪಾಠ ಹೇಳಲು ಹೋಗುತ್ತಿದ್ದೆ. ಪುಸ್ತಕದಲ್ಲಿ ಇದ್ದದ್ದಾದರೂ ಏನು? ಒಂದು ಕಲರ್ ಫೋಟೋ, ಕೆಳಗೆ ಫಿಲ್ ಇನ್ ದ ಬ್ಲ್ಯಾಂಕ್ಸ್. ಅದಕ್ಕೇ ನಮ್ಮ ಕೌದಿ ಹೊಲಿಯುವಾಕೆಯನ್ನು ಕರೆಸಿದೆ. ನನ್ನ ಬಾಣಂತನದ ಕೌದಿಯಿಂದ ಮೊಮ್ಮಕ್ಕಳ ಕೌದಿಯವರೆಗೆ ಎಲ್ಲವೂ ಆಕೆಯ ಕೈಯವೇ. ಸುಳ್ಳ ಅನ್ನುವ ಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳು. ಆಕೆಯ ಮೊಮ್ಮಗಳೂ ಅದೇ ಕ್ಲಾಸು, ಕೊನೆಯ ಬೆಂಚು. ಹುಡುಗಿಯ ತಾಯಿ ಅಮರಗೋಳದ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು. ಇಂಗ್ಲಿಷ್ ತಪ್ಪಿದರೆ ನಗುತ್ತಾರೆಂದು ಆ ಕೂಸು ವರ್ಷವಿಡೀ ಕ್ಲಾಸಿನಲ್ಲಿ ಬಾಯಿ ಬಿಟ್ಟಿರಲಿಲ್ಲ.

"ಒಮ್ಮೆ ಎಲ್ಲಾರ ಮುಂದ ಎದ್ದು ನಿಂತು ಮಾತಾಡ್ಲಿರಿ ಅಕ್ಕಾರ, ನನಗ ಅಷ್ಟ ಸಾಕು," ಅಂದಿದ್ದಳು ಅಜ್ಜಿ, ಮೊದಲ ದಿನವೇ.

ಮಕ್ಕಳೆಲ್ಲ ಮನೆಯಿಂದ ಒಂದೊಂದು ಹಳೆ ಅರಿವೆ ತಂದರು. ಅದನ್ನು ಯಾವ ಹಬ್ಬಕ್ಕೆ ಯಾರು ಉಟ್ಟಿದ್ದರು ಅಂತ ನೋಟ್‌ಬುಕ್ಕಿನಲ್ಲಿ ಬರೆದರು. ಅಜ್ಜನ ಧೋತರ ಬಂತು, ಹೋಳಿಯ ಬಣ್ಣ ಹೋಗದ ಅಂಗಿ ಬಂತು. ಆ ಹುಡುಗಿ ತಂದದ್ದು ಪಂಚಮಿಯ ಜೋಕಾಲಿ ಆಡುವಾಗ ಅವಳ ಅವ್ವ ಉಟ್ಟಿದ್ದ ಇಳಕಲ್ ಸೀರೆಯ ತುಂಡು. ಅಂಚಿನಿಂದ ಸುತ್ತುತ್ತ ಸುತ್ತುತ್ತ ಹೊಲಿಗೆ ನಡುವಿಗೆ ಬರಬೇಕು. ನಾನೂ ಒಂದು ಸಾಲು ಹಾಕಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಸಣ್ಣ, ಸಮನಾದ ಹೊಲಿಗೆ. ಆಕೆ ಬಗ್ಗಿ ನೋಡಿ, ಅಕ್ಕಾರದು ದವಾಖಾನಿ ಹೊಲಿಗಿ ಇದ್ದಂಗ ಐತಿ ಅಂದಳು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಮೂರು ವಾರದಲ್ಲಿ ನಡುವೆ ಒಂದು ಅಂಗೈಯಷ್ಟು ಜಾಗ ಉಳಿಯಿತು. ಅದು ಕೌದಿಯ ಹೊಟ್ಟೆ ಅಂತೆ. ಅದನ್ನು ಬರಿದಾಗಿ ಮುಚ್ಚುವ ಹಾಗಿಲ್ಲ, ಹೋಳಿಗೆಯ ಚೂರು ಇಟ್ಟೇ ಹೊಲಿಯಬೇಕು. ಇಲ್ಲದಿದ್ದರೆ ಹೊದ್ದವರಿಗೆ ಹಸಿವು ತಪ್ಪದು. ಶುಕ್ರವಾರ ಹನ್ನೊಂದಕ್ಕೆ ತಾನು ಹೋಳಿಗೆ ತರುವುದು, ಮೊಮ್ಮಗಳು ತನ್ನ ಕೈಯಿಂದ ಇಟ್ಟು ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳುವುದು ಅಂತ ಆಯಿತು. ಎರಡು ಸೆಂಟೆನ್ಸ್ ನಾನೇ ಬರೆದುಕೊಟ್ಟೆ. ದಿನಾ ರಿಸೆಸ್ಸಿನಲ್ಲಿ ನನ್ನ ಹತ್ತಿರ ಬಂದು, ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಪ್ರಿನ್ಸಿಪಾಲರ ಫೋನು. ಅಂದು ಮಧ್ಯಾಹ್ನ ಮಕ್ಕಳ ಕೈಕಸುಬಿನ ಎಕ್ಸಿಬಿಷನ್ನಿಗೆ ಬರಬೇಕಿದ್ದ ಅತಿಥಿಗಳು ಹತ್ತಕ್ಕೇ ಬರುತ್ತಾರೆ, ಎಲ್ಲ ರೆಡಿ ಇರಲಿ ಅಂದರು. ಕೌದಿ ಮುಚ್ಚಿ ಅಂತ ಅವರೇನೂ ಹೇಳಲಿಲ್ಲ. ನಡುವೆ ತೂತು ಬಿಟ್ಟ ಕೆಲಸವನ್ನು ಗೋಡೆಗೆ ತೂಗುಹಾಕಲು ನನಗೇ ಮನಸ್ಸಾಗಲಿಲ್ಲ. ಹೋಳಿಗೆ ಇಟ್ಟರೆ ಇರುವೆ ಬರುತ್ತವೆ, ಹೈಜೀನ್ ಅಂತ ಒಂದಿದೆಯಲ್ಲ ಅಂತಲೂ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಸ್ಟಾಫ್ ರೂಮಿನಲ್ಲಿ ಕೂತು, ಹತ್ತು ನಿಮಿಷದಲ್ಲಿ, ಗುರುತೇ ಸಿಗದ ಹಾಗೆ ಹೊಲಿದುಬಿಟ್ಟೆ. ಆಕೆಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಅತಿಥಿಗಳು ಬಂದರು, ಬ್ಯೂಟಿಫುಲ್ ಅಂದರು, ನನ್ನ ಜೊತೆ ಫೋಟೋ ತೆಗೆಸಿಕೊಂಡು ಹೋದರು.

ಹನ್ನೊಂದಕ್ಕೆ ಆಕೆ ಬಂದಳು. ಉಟ್ಟದ್ದು ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದ ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಮೊಮ್ಮಗಳು ಬೆಂಚಿನಿಂದ ತಾನಾಗಿಯೇ ಎದ್ದು ಮುಂದೆ ಬಂದು ನಿಂತಿದ್ದಳು, ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ. ಆಕೆ ಕೌದಿಯ ನಡುವೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು.

"ಮುಚ್ಚೀರೇನ್ರಿ?"

ನಾಲ್ಕು ಹೊಲಿಗೆ ಅಷ್ಟೇ, ಈಗಲೇ ಬಿಚ್ಚುತ್ತೇನೆ ಅಂತ ಕತ್ತರಿ ಹುಡುಕಿದೆ.

"ಬ್ಯಾಡ್ರಿ ಅಕ್ಕಾರ. ಮುಚ್ಚಿದ ಹೊಟ್ಟಿ ಕೊಯ್ಯಬಾರದು."

ಸಿಟ್ಟು ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಛಲೋ ಇತ್ತು. ಡಬ್ಬಿ ತೆಗೆದು ಮಕ್ಕಳಿಗೆಲ್ಲ ಒಂದೊಂದು ಚೂರು ಹಂಚಿದಳು. ನನಗೂ ಒಂದು ಚಾಚಿದಳು. ಶುಗರ್ ಇದೆಯಲ್ಲವಾ, ನನಗೆ ಬೇಡ ಅಂದೆ. ಒಂದು ಚೂರಿನಿಂದ ಏನಾಗುತ್ತಿತ್ತು? ಹುಡುಗಿಗೆ, ಈಗಾದರೂ ಹೇಳಮ್ಮಾ ನಿನ್ನ ಸೆಂಟೆನ್ಸ್ ಅಂದೆ. ಅವಳು ಅಜ್ಜಿಯ ಸೆರಗಿನ ಹಿಂದೆ ಸರಿದಳು.

ಆಮೇಲೆ ಎರಡು ಸಲ ಹೇಳಿ ಕಳಿಸಿದರೂ ಆಕೆ ನಮ್ಮ ಮನೆಗೆ ಬರಲಿಲ್ಲ. ಕಣ್ಣು ಸರಿಯಾಗಿ ಕಾಣುವುದಿಲ್ಲ ಅಂದಳಂತೆ. ಜೂನಿನಲ್ಲಿ ಹುಡುಗಿಯ ಹೆಸರು ಹಾಜರಿಯಲ್ಲಿ ಇರಲಿಲ್ಲ. ಸುಳ್ಳದ ಕನ್ನಡ ಶಾಲೆಗೆ ಹಾಕಿದ್ದರು. ದೀಪಾವಳಿಗೆ ಮುಂಚೆ ಆಕೆ ತೀರಿಕೊಂಡ ಸುದ್ದಿ ಬಂತು, ಅದೂ ಮಣ್ಣಾಗಿ ಒಂಬತ್ತು ದಿನ ಕಳೆದ ಮೇಲೆ. ಶಾಲೆಯವರು ಕೌದಿಗೆ ಗಾಜು ಹಾಕಿಸಿ ಆಫೀಸಿನ ಮುಂದೆ ತೂಗುಹಾಕಿದ್ದಾರೆ. ಕೆಳಗೆ ನನ್ನ ಹೆಸರಿದೆ. ತೆಗೆಯಿರಿ ಅಂತ ಎಷ್ಟೋ ಸಲ ಕೇಳಿದೆ, ಮೇಡಂ ಬಹಳ ಮಾಡೆಸ್ಟ್ ಅಂತ ನಗುತ್ತಾರೆ.

ಆಕೆಯನ್ನು ಕೊನೆಯದಾಗಿ ನೋಡಿದ್ದು ಆ ಶುಕ್ರವಾರವೇ, ಸ್ಟಾಫ್ ರೂಮಿನ ಕಿಟಕಿಯಿಂದ. ಶಾಲೆ ಬಿಟ್ಟಿತ್ತು. ಎದುರಿನ ಬಸ್ ಸ್ಟಾಪಿನ ಕಟ್ಟೆಯ ಮೇಲೆ ಅಜ್ಜಿ, ಮೊಮ್ಮಗಳು ಕೂತಿದ್ದರು. ಹೊಟ್ಟೆಯೊಳಗೆ ಇಡಬೇಕೆಂದು ಎತ್ತಿಟ್ಟಿದ್ದ ಚೂರನ್ನು ಡಬ್ಬಿಯಿಂದ ತೆಗೆದು ಆಕೆ ಹುಡುಗಿಯ ಬಾಯಿಗೆ ಹಿಡಿದಳು. ಹುಡುಗಿ ಒಲ್ಲೆ ಅಂತ ತಲೆ ಆಡಿಸಿದಳು. ಆಕೆ ಚಾಚಿದ ಕೈ ಇಳಿಸದೆ ಹಾಗೇ ಹಿಡಿದುಕೊಂಡಿದ್ದಳು. ಅಷ್ಟರಲ್ಲಿ ಬಸ್ಸು ಬಂದು ಅಡ್ಡ ನಿಂತಿತು.