ಏಕೆ ನಲವತ್ತೇಳು ಮತ್ತು ಅರ್ಧ ಟಿಕೆಟು

ನರೋಣಾದಿಂದ ಹೊರಟ ಬಸ್ಸಿನಲ್ಲಿ ಅಂದು ನೂರಾ ಎಂಬತ್ತು ಜನ, ನಾಲ್ಕು ಆಡು ಮತ್ತು ಒಬ್ಬ ವೀರಯೋಧ ಇದ್ದರು. ಆಡುಗಳನ್ನು ನಾನೇ ಎಣಿಸಿದ್ದೇನೆ, ಜನರ ಲೆಕ್ಕ ಮಾತ್ರ ಅಂದಾಜು. ವೀರಯೋಧ ಎಂದರೆ ಸೋಮಣ್ಣ ಮಾಮಾ, ನಮ್ಮ ಅವ್ವನ ತಮ್ಮ. ಶ್ರೀಲಂಕಾಕ್ಕೆ ಹೋದ ನಮ್ಮ ಸೈನ್ಯದಲ್ಲಿದ್ದು, ಗುಂಡೇಟು ತಿಂದು, ದವಾಖಾನೆಯಲ್ಲಿ ಮಲಗಿ, ರಜೆಯ ಮೇಲೆ ಬಂದಿದ್ದ. ಅವನಿಗೆ ಕನ್ಯಾ ನೋಡಲು ನಾವಿಬ್ಬರೂ ಜೇವರ್ಗಿಗೆ ಹೊರಟಿದ್ದೆವು.

ಇದು ಮೂರನೆಯ ಕನ್ಯಾ. ಮೊದಲಿನ ಎರಡು ಮನೆಯವರು ಮಾಮಾನ ಎಡಗೈ ನೋಡಿ ಒಲ್ಲೆ ಎಂದಿದ್ದರು. ಗುಂಡು ಮೊಣಕೈಯನ್ನು ಒಡೆದದ್ದರಿಂದ ಆ ಕೈ ಅರ್ಧಕ್ಕೇ ನಿಲ್ಲುತ್ತದೆ, ನೆಟ್ಟಗೆ ಚಾಚಲು ಬರುವುದಿಲ್ಲ. ಹೊರಡುವಾಗ ಅವ್ವ ಬಾಳೆಹಣ್ಣಿನ ಗೊನೆಯನ್ನು ನನ್ನ ಹೆಗಲಿಗೆ ಹೇರಿ ತಾಕೀತು ಮಾಡಿದಳು.

"ಈ ಸಲ ಕೈ ಸುದ್ದಿ ಯಾರೂ ತೆಗೀಬ್ಯಾಡ್ರಿ. ತುಂಬುತೋಳಿನ ಅಂಗಿ ಹಾಕ್ಯಾನ, ಸಾಕು. ಶರಣ್ಯಾ, ನೀ ಬಾಯಿ ಮುಚ್ಕೊಂಡು ಕುಂದ್ರು." ಶರಣ್ಯಾ ಎಂದರೆ ನಾನು.

ಕೈಯ ಸುದ್ದಿ ತೆಗೆಯಬೇಡ ಎಂದಳೇ ಹೊರತು ಬಂದೂಕಿನ ಸುದ್ದಿ ತೆಗೆಯಬೇಡ ಎನ್ನಲಿಲ್ಲ. ಇದನ್ನು ನಾನು ಆಗಲೇ ಗಮನಿಸಿ ಇಟ್ಟುಕೊಂಡೆ.

ಆಳಂದದಲ್ಲಿ ಇಳಿದಾಗ ಮೈಮೇಲೆ ತೊಗರಿ ಬಿತ್ತುವಷ್ಟು ಧೂಳಿತ್ತು. ಸ್ಟ್ಯಾಂಡಿನ ಎದುರು ಮಂಡಕ್ಕಿಯ ಸುಸ್ಲಾ, ಮಿರ್ಚಿ ಭಜಿ ತಿಂದೆವು. ಮಾಮಾ ಎರಡು ಭಜಿ ತಿಂದ. ನಾನು ತಿಂದದ್ದನ್ನು ನೋಡಿ ಅಂಗಡಿಯವ ಇನ್ನೊಂದು ಒಲೆ ಹಚ್ಚಿದ. ಅಷ್ಟರಲ್ಲಿ ಭೂಸನೂರಿನ ಕಬ್ಬಿನ ಗಾಡಿಯೊಂದು ಹಾದುಹೋಯಿತು, ಒಂದು ಕಬ್ಬು ತಾನಾಗಿಯೇ ನನ್ನ ಕೈಗೆ ಬಂತು.

ಅಫಜಲಪುರದ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಮಾಮಾ ಕಿಟಕಿಯ ಹೊರಗೆ ನೋಡುತ್ತಿದ್ದ. ನಾನೇ ಮುಂದಾಗಿ ದುಡ್ಡು ಕೊಟ್ಟೆ.

"ಒಂದು ಪೂರಾ, ಒಂದು ಅರ್ಧ."

"ಅರ್ಧ ಯಾರಿಗಿ?"

"ನನಗರಿ. ಹನ್ನೊಂದು ನಡದದ."

"ಹನ್ನೊಂದಕ್ಕ ಮೀಸಿ ಬಂದಾವೇನಲೇ ನಿನಗ?"

"ಮೀಸಿ ಅಲ್ಲರಿ, ಆಳಂದದ ಧೂಳು."

ಇಡೀ ಬಸ್ಸು ನಕ್ಕಿತು, ಕಂಡಕ್ಟರನೂ ನಕ್ಕು ಅರ್ಧ ಟಿಕೆಟ್ ಹರಿದ. ಜನ ಒಮ್ಮೆ ನಕ್ಕರೆ ನನ್ನನ್ನು ಹಿಡಿಯುವವರಿಲ್ಲ. ಪಕ್ಕದ ಸೀಟಿನಲ್ಲಿ ಶೇಂಗಾ ಸುಲಿಯುತ್ತಿದ್ದ ಮುದುಕ ಮಾಮಾನ ಕತ್ತರಿಸಿದ ಕೂದಲು ನೋಡಿ ಕೇಳಿದ.

"ಮಿಲಿಟರಿ ಏನ್ರಿ ಇವ್ರು?"

"ಹೌದ್ರಿ ಯಜ್ಜಾ. ಲಂಕಾದಾಗ ಶತ್ರುವಿನ ಕೈಯಾಂದು ಏಕೆ ನಲವತ್ತೇಳು ಕಸಗೊಂಡಾರ," ಎಂದೆ.

"ಯಾಕ ಕಸಗೊಂಡ್ರು?"

"ಅದೇ, ಏಕೆ."

"ನಾ ಅದನ್ನೇ ಕೇಳಾಕತ್ತೇನಿ, ಯಾಕ?"

"ಬಂದೂಕಿನ ಹೆಸರೇ ಏಕೆ ರಿ!"

ಪೇಪರಿನಲ್ಲಿ ಹಾಗೆಯೇ ಅಚ್ಚಾಗಿತ್ತು. ರಷ್ಯಾದವರು ಯಾವ ಪ್ರಶ್ನೆಗೆ ಆ ಹೆಸರಿಟ್ಟರೋ ನನಗೂ ತಿಳಿದಿರಲಿಲ್ಲ. ಕಬ್ಬಿಗೆ ಕರವಸ್ತ್ರದಿಂದ ಒಂದು ಬಾಳೆಹಣ್ಣು ಕಟ್ಟಿ ತೋರಿಸಿದೆ. ಗುಂಡು ತುಂಬುವ ಡಬ್ಬಿ ಹೀಗೆಯೇ ಬಾಗಿರುತ್ತದೆ, ಒಮ್ಮೆ ಒತ್ತಿದರೆ ನಲವತ್ತೇಳು ಗುಂಡು ಹೊರಡುತ್ತವೆ, ಆಳಂದದಲ್ಲಿ ಹೊಡೆದರೆ ಸೊಲ್ಲಾಪುರದಲ್ಲಿ ಕಾಗೆ ಬೀಳುತ್ತದೆ ಎಂದು ವಿವರಿಸಿದೆ. ಮಾಮಾ ಒಮ್ಮೆ ಮಾತ್ರ "ಸಾಕಲೇ" ಎಂದ. ಅಷ್ಟರಲ್ಲಿ ಅವನು ಕಸಿದುಕೊಂಡ ಬಂದೂಕುಗಳು ಆರಾಗಿದ್ದವು.

ಅಫಜಲಪುರದಲ್ಲಿ ಗುರುಪಾದ ಕಾಕಾ ಕಾದಿದ್ದರು. ಈ ಸಂಬಂಧ ತಂದವರೇ ಅವರು. ದಪ್ಪ ಮನುಷ್ಯ, ಅವರು ಕೂತ ಕಡೆ ಬಸ್ಸು ವಾಲುತ್ತದೆ. ಬಸ್ಸು ಭೀಮಾ ನದಿ ದಾಟುವಷ್ಟರಲ್ಲಿ ಕಾಕಾ ಗೊನೆಯ ಅರ್ಧ ಹಣ್ಣು ಖಾಲಿ ಮಾಡಿದ್ದರು. ಎರಡೂ ಕಡೆ ಬಿಳಿಜೋಳ ಎದೆಯೆತ್ತರ ನಿಂತು ತೆನೆ ತೂಗುತ್ತಿತ್ತು. ಗಾಳಿ ತಂಪಾಗಿತ್ತು, ನನ್ನ ಬಾಯಿ ಬಿಸಿಯಾಗಿತ್ತು. ಜೇವರ್ಗಿ ಬಂದಾಗ ಮಾಮಾ ಒಂದು ಲಾರಿ ತುಂಬ ಬಂದೂಕು ಕಸಿದುಕೊಂಡಿದ್ದ.

ಕನ್ಯಾದ ಮನೆಯಲ್ಲಿ ಪಡಸಾಲೆಗೆ ಜಮಖಾನೆ ಹಾಸಿದ್ದರು. "ಶರಣ್ರಿ, ಬರ್ರಿ" ಎಂದು ಹುಡುಗಿಯ ತಂದೆ ಎದುರುಗೊಂಡರು. ಗೋಡೆಗೆ ಒರಗಿ ಹುಡುಗಿಯ ಆಯಿ, ಅಂದರೆ ಅಜ್ಜಿ, ಕುಳಿತಿದ್ದಳು. ಹುಡುಗಿ ಮಹಾದೇವಿ ಚಹಾ ಕೊಟ್ಟು ಬಾಗಿಲ ಬಳಿ ನಿಂತಳು. ಎಲ್ಲ ಬರೋಬ್ಬರಿ ನಡೆದಿತ್ತು. ಆಗ ಕಾಕಾ ನನ್ನ ಏಕೆ ನಲವತ್ತೇಳರ ಲಾರಿಯ ಸುದ್ದಿ ತೆಗೆದರು. ನಾನು ಇನ್ನೊಂದು ಲಾರಿ ಸೇರಿಸಿದೆ.

ತಂದೆಗೆ ಹುರುಪು ಬಂತು. ನನ್ನ ಕಬ್ಬಿನ ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ, ಆರತಿ ತಟ್ಟೆಯಂತೆ ಮಾಮಾನ ಮುಂದೆ ಹಿಡಿದರು.

"ಜವಾನ್ರ, ಹ್ಯಾಂಗ ಹಿಡೀತಾರ ತೋರಸ್ರಿ ಒಮ್ಮಿ."

ಮಾಮಾ ಎರಡೂ ಕೈ ಚಾಚಿದ. ಬಲಗೈ ಹೋಯಿತು, ಎಡಗೈ ಅರ್ಧ ದಾರಿಯಲ್ಲೇ ನಿಂತಿತು. ಕಬ್ಬು ನೆಲಕ್ಕೆ ಬಿತ್ತು, ಬಾಳೆಹಣ್ಣು ಜಮಖಾನೆಯ ಮೇಲೆ ಪಚ್ಚೆಂದಿತು.

ಕಾಕಾ ಕೆಮ್ಮಿ, "ಥಂಡಿರಿ. ಥಂಡಿಗಿ ಕೈ ಹಿಡಿದದ," ಎಂದರು.

"ಥಂಡಿ ಅಲ್ರಿ," ಎಂದು ಮಾಮಾ ತೋಳು ಮೇಲೇರಿಸಿದ. ಮೊಣಕೈಯ ಸುತ್ತ ಚರ್ಮ ಗಂಟು ಕಟ್ಟಿತ್ತು. "ಗುಂಡು. ಇದು ಇನ್ನ ನೆಟ್ಟಗಾಗೂದಿಲ್ಲ. ಮುಚ್ಚಿ ಲಗ್ನ ಆಗೂದು ನನಗೂ ಬ್ಯಾಡ."

ಅವ್ವನ ಮುಖ ನನ್ನ ಕಣ್ಣ ಮುಂದೆ ಬಂತು. ಮೂರನೆಯ ಕನ್ಯಾವೂ ಹೋಯಿತು ಎಂದುಕೊಂಡೆ. ತಂದೆ ತಲೆ ತಗ್ಗಿಸಿ ಕುಳಿತರು. ಆಯಿ ಮಾತ್ರ ಕಬ್ಬನ್ನೇ ನೋಡುತ್ತಿದ್ದಳು.

"ನಲವತ್ತೇಳು ಅಂದ್ರ ಏನಪಾ?" ಎಂದು ಕೇಳಿದಳು.

"ವರ್ಷ, ಆಯಿ," ಎಂದ ಮಾಮಾ. "ಆ ವರ್ಷ ತಯಾರಾಗಿದ್ದು. ರಷ್ಯಾದಾಗ ಒಬ್ಬ ಟ್ಯಾಂಕಿನ ಸಿಪಾಯಿ ಲಡಾಯಿದಾಗ ಗಾಯ ಆಗಿ ದವಾಖಾನ್ಯಾಗ ಮಲಗಿದ್ದ. ತಮ್ಮ ದೇಶ ಉಳೀಲಿ ಅಂತ ಇಂಥಾದ್ದು ಮಾಡೂ ವಿಚಾರ ಅಲ್ಲೇ ಹುಟ್ಟಿತು ಅಂತಾರ. ಆಮ್ಯಾಲ ಚೀನಾದವ್ರು ಮಾಡಿದ್ರು, ಈಜಿಪ್ಟಿನವ್ರು ಮಾಡಿದ್ರು. ಈಗ ಯಾರು ಮಾಡ್ಯಾರ, ಯಾರು ಮಾರ್ಯಾರ ತಿಳಿಯೂದಿಲ್ಲ. ಕೆಸರಾಗ ಬೀಳಲಿ, ಮರಳಾಗ ಹೂಳಲಿ, ಒತ್ತಿದ್ರ ಹಾರ್ತದ. ಆಫ್ರಿಕಾದಾಗ ಒಂದು ದೇಶದವ್ರು ಬಾವುಟದ ಮ್ಯಾಲೇ ಇದರ ಚಿತ್ರ ಹಾಕ್ಯಾರ."

"ಬಾವುಟದ ಮ್ಯಾಲ?" ಆಯಿ ಕೈಯನ್ನು ಎದೆಗಿಟ್ಟುಕೊಂಡಳು. "ಅಲ್ಲಿಯ ಸಾಲಿ ಹುಡುಗ್ರು ಮುಂಜಾನೆದ್ದು ಬಂದೂಕಿಗಿ ಕೈ ಮುಗೀತಾವೇನು?"

ಸೊಲ್ಲಾಪುರದ ಕಾಗೆ ಹೊಡೆದ ನಾನೇ ಬಾಯಿ ತೆರೆದು ಕುಳಿತಿದ್ದೆ. ಇಷ್ಟು ದೊಡ್ಡ ಸುಳ್ಳು ನನಗೂ ಹೊಳೆದಿರಲಿಲ್ಲ. ಅದು ಸುಳ್ಳಲ್ಲ ಎಂಬುದೇ ನನ್ನನ್ನು ಹೆದರಿಸಿತು.

"ನಿನಗ ಹೊಡದವರು ಎಷ್ಟು ಮಂದಿ?" ಎಂದು ಆಯಿ ಕೇಳಿದಳು.

"ಒಬ್ಬನೇ." ಮಾಮಾ ನನ್ನ ಕಡೆ ತಿರುಗಿದ. "ತಾಳೆಮರದ ಹಿಂದಿಂದ ಬಂದ. ಇವನ ಭುಜದ ತನಕ ಇದ್ದ, ಅಷ್ಟೇ. ಅದು ಹಗೂರ ಬಂದೂಕು ಆಯಿ, ಕಲೀಲಾಕ ಒಂದು ದಿನ ಸಾಕು. ಇವತ್ತ ಬಸ್ಸಿನ್ಯಾಗ ಇಂವ ಸುಳ್ಳು ಹೇಳಿ ಅರ್ಧ ಟಿಕೆಟ್ ತಗೊಂಡ. ಆ ಹುಡುಗಗ ಖರೇನೇ ಅರ್ಧ ಟಿಕೆಟ್ಟೇ."

ನನ್ನ ಅಂಗಿಯ ಜೇಬಿನಲ್ಲಿ ಆ ಟಿಕೆಟ್ ಇನ್ನೂ ಇತ್ತು. ಅದು ಬೆಂಕಿಯ ಕೆಂಡವಾಯಿತು ಎಂದು ಬರೆದರೆ ನೀವು ನಂಬುವುದಿಲ್ಲ. ಆದರೆ ನಾನು ಜೇಬು ಮುಟ್ಟಿ ನೋಡಿಕೊಂಡದ್ದು ನಿಜ.

"ಮತ್ತ ಲಾರಿ ತುಂಬ ಕಸಗೊಂಡಿದ್ದು?" ಎಂದು ತಂದೆ ಕೇಳಿದರು.

"ಒಂದೂ ಕಸಗೊಂಡಿಲ್ಲರಿ. ಅವನ ಗುಂಡು ತೀರಿದ್ದವು. ಬ್ಯಾರೇ ಡಬ್ಬಿ ಹಾಕಾಕ ಹೋಗಿ ಕೆಳಗ ಬೀಳಿಸಿದ. ನನ್ನ ಬಂದೂಕು ಅವನ ಎದಿಗೇ ಇತ್ತು. ಅಂವ ತನ್ನದು ಒಗದು ಓಡಿದ. ನಾ ಬಿಟ್ಟೆ."

"ಯಾಕ?"

ಬಾಗಿಲ ಬಳಿಯಿಂದ ಬಂದ ಆ ಒಂದೇ ಮಾತು ಮಹಾದೇವಿಯದು. ಬಸ್ಸಿನಲ್ಲಿ ಇಡೀ ಮಧ್ಯಾಹ್ನ ನಾನು ಆಟವಾಡಿದ ಪದವೇ. ಈಗ ಯಾರೂ ನಗಲಿಲ್ಲ.

"ಗೊತ್ತಿಲ್ಲ," ಎಂದ ಮಾಮಾ. "ಬೆರಳು ಒತ್ತಲಿಲ್ಲ."

ತಂದೆ ನಿಧಾನಕ್ಕೆ, "ಆದ್ರ ಕೈ..." ಎಂದರು.

ಆಯಿ ಅವರನ್ನು ಅಲ್ಲೇ ತಡೆದಳು. "ನಲವತ್ತೇಳ್ರ ಗದ್ದಲದಾಗ ನನ್ನ ಅಪ್ಪ ನಮ್ಮನ್ನ ಬಂಡ್ಯಾಗ ಹಾಕ್ಕೊಂಡು, ಸಂಸ್ಥಾನದ ಗಡಿ ದಾಟಿ ಅಕ್ಕಲಕೋಟಿ ಕಡಿ ಓಡ್ಯಾನ. ಬಂದೂಕು ಹಿಡದು ಬಂದವರನ್ನ ಕಣ್ಣಾರೆ ನೋಡೀನಿ. ಅವರಿಗಿ ಮೀಸಿ ಇದ್ದವು, ಎರಡೂ ಕೈ ನೆಟ್ಟಗ ಇದ್ದವು. ಅಂಥಾ ಕೈ ಬ್ಯಾಡ ನಮಗ." ನಂತರ ಬಾಗಿಲ ಕಡೆ ನೋಡಿದಳು. "ಮಾದೇವಿ, ನೀ ಏನಂತೀ ಬೇ?"

ಮಹಾದೇವಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಡಬ್ಬಿಯ ಸದ್ದಾಯಿತು. ಕಾಕಾ ಉಸಿರು ಹಿಡಿದಿದ್ದರು, ಅದೂ ಒಂದು ಪವಾಡ. ಅವಳು ತಿರುಗಿ ಬಂದಾಗ ಕೈಯಲ್ಲಿ ಸಕ್ಕರೆಯ ಬಟ್ಟಲಿತ್ತು. ಸಂಬಂಧ ಕೂಡಿದಾಗ ಬಾಯಿ ಸಿಹಿ ಮಾಡುವ ಸಕ್ಕರೆ ಅದು. ಆಯಿ ಮೊದಲ ಚಿಟಿಕೆಯನ್ನು ಮಾಮಾನ ಬಾಯಿಗೆ ಹಾಕಿದಳು. ಕಾಕಾ ಮುಷ್ಟಿ ತುಂಬ ತೆಗೆದುಕೊಂಡರು.

ರಾತ್ರಿ ಹೋಳಿಗೆ ಊಟವಾಯಿತು. ನಾನು ಎರಡೇ ತಿಂದೆ. ಊರಿಗೆ ಬಂದ ಮೇಲೆ ಇದನ್ನು ಅವ್ವನಿಗೆ ಹೇಳಿದಾಗ ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಮರುದಿನ ಅಫಜಲಪುರದಲ್ಲಿ ಕಾಕಾನನ್ನು ಇಳಿಸಿ ಆಳಂದದ ಬಸ್ಸು ಹತ್ತಿದೆವು. ಅದೇ ಕಂಡಕ್ಟರ್.

"ಎರಡು ಪೂರಾ," ಎಂದೆ.

"ಯಾಕಲೇ? ನಿನ್ನಿ ಹನ್ನೊಂದಿದ್ದೀ?"

"ಜೇವರ್ಗಿ ನೀರು ಭಾರಿ ಅದರಿ. ಒಂದೇ ರಾತ್ರಿಗಿ ನಾಕು ವರ್ಷ ಬೆಳಸ್ತದ."

ಬಸ್ಸು ಮತ್ತೆ ನಕ್ಕಿತು. ಮಾಮಾನೂ ಸ್ವಲ್ಪ ನಕ್ಕ.

ಆಳಂದ ಹತ್ತಿರವಾದಾಗ ಕಬ್ಬಿನ ಗಾಡಿಯೊಂದು ಎದುರಾಯಿತು. ಅದರ ಹಿಂದೆ ಓಡುತ್ತಿದ್ದ ಚಿಕ್ಕ ಹುಡುಗನೊಬ್ಬ ನಮ್ಮನ್ನು ನೋಡಿ ನಿಂತ. ಕಬ್ಬನ್ನು ಭುಜಕ್ಕೇರಿಸಿ, ಒಂದು ಕಣ್ಣು ಮುಚ್ಚಿ, ನಮ್ಮ ಕಿಟಕಿಗೇ ಗುರಿಯಿಟ್ಟ. ಸತ್ತವನಂತೆ ಬಿದ್ದು ತೋರಿಸೋಣ ಎಂದು ನಾನು ಎದ್ದೆ. ಅಷ್ಟರಲ್ಲಿ ಮಾಮಾನ ಮಡಚಿದ ಕೈ ನನ್ನ ಕುತ್ತಿಗೆಯ ಮೇಲೆ ಬಿತ್ತು. ನನ್ನನ್ನು ಸೀಟಿನ ಕೆಳಗೆ ಒತ್ತಿ, ಅವನೂ ನನ್ನ ಮೇಲೆ ಬಗ್ಗಿದ. ಅವನ ಎದೆ ಬಸ್ಸಿನ ಇಂಜಿನ್ನಿಗಿಂತ ಜೋರಾಗಿ ಬಡಿಯುತ್ತಿತ್ತು. ಈ ಮಾತನ್ನು ನಾನು ಉಬ್ಬಿಸಿಲ್ಲ.

ನಾವು ತಲೆ ಎತ್ತಿ ಹಿಂದಕ್ಕೆ ನೋಡಿದಾಗ, ದಾರಿಯ ಬದಿಯಲ್ಲಿ ನಿಂತು ಆ ಹುಡುಗ ತನ್ನ ಬಂದೂಕನ್ನು ಹಲ್ಲಿನಿಂದ ಸಿಗಿದು ತಿನ್ನುತ್ತಿದ್ದ.