ಹುಳು ಮನೆಯ ಸೇನಾಪತಿ

ಸಾದಲಿಯ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಹಾಲು ಅಳೆದು ಬರುವ ಮೋಹನ್‌ಬಾಬು, ನಡುವಿನ ಹೊತ್ತಿನಲ್ಲಿ ಸೇನಾಪತಿಯಾಗಿರುತ್ತಿದ್ದ. ಊರಿನಲ್ಲಿ ಇದನ್ನು ಯಾರೂ ಒಪ್ಪಿಕೊಂಡಿರಲಿಲ್ಲ. ಅವನಿಗೆ ಊರಿನವರ ಒಪ್ಪಿಗೆಯೂ ಬೇಕಿರಲಿಲ್ಲ. ಅವನ ಸೇನೆಯೆಲ್ಲ ಫೋನಿನೊಳಗೆ ಇತ್ತು.

ಅದೊಂದು ಯುದ್ಧದ ಆಟ. ಮುತ್ತಾತಂದಿರ ಕಾಲದ ಯಾವುದೋ ಮಹಾಯುದ್ಧದ್ದು. ಕಂದಕದೊಳಗೆ ಅಡಗಿ ಕೂತು ಬಂದೂಕು ಹಾರಿಸುವುದೂ ಉಂಟು. ನಕಾಶೆಯನ್ನು ಬೆರಳಲ್ಲಿ ಎಳೆದು ಅಗಲ ಮಾಡಿ, ಯಾವ ದಂಡು ಯಾವ ಸೇತುವೆ ಕಾಯಬೇಕು, ಯಾವ ಟ್ಯಾಂಕು ಯಾವ ಗುಡ್ಡ ಹತ್ತಬೇಕು, ಮದ್ದುಗುಂಡು ಯಾರಿಗೆ ಮೊದಲು, ಅನ್ನ ಯಾರಿಗೆ ಆಮೇಲೆ ಎಂದು ತಂತ್ರ ಹೂಡುವುದೂ ಉಂಟು. ಬರೀ ಗುಂಡು ಹೊಡೆಯುವುದು ಚಿಲ್ಟುಪಿಲ್ಟುಗಳ ಆಟ, ಇದು ತಲೆ ಇರುವವರ ಆಟ ಎಂದು ಮೋಹನ್‌ಬಾಬು ಹೇಳಿಕೊಳ್ಳುತ್ತಿದ್ದ. ತಲೆಯ ಮಾತು ಬಂದಾಗಲೆಲ್ಲ ಅವನ ಹೆಂಡತಿ ಶಿರೀಷಾ, ಕೈಯಲ್ಲಿ ಯಾವ ಪಾತ್ರೆ ಇತ್ತೋ ಅದನ್ನು ತುಸು ಸದ್ದು ಮಾಡಿ ಇಡುತ್ತಿದ್ದಳು.

ಶಿರೀಷಾ ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ಮಗಳು ತನುಜ ಈಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದಳು. ಮಗು ನಡೆದರೆ ಬೀಳುತ್ತದೆಂದು ಭಯ, ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಭಯ. ಹಿಂದಿನ ಬೀದಿಯ ಮಗುವೊಂದು ಡೆಂಗ್ಯೂ ಬಂದು ಚಿಕ್ಕಬಳ್ಳಾಪುರದ ಆಸ್ಪತ್ರೆ ಸೇರಿದ ಮೇಲಂತೂ ಒಂದು ಸೊಳ್ಳೆ ಗುಯ್‌ಗುಟ್ಟಿದರೂ ಅವಳ ಎದೆ ಹಾರುತ್ತಿತ್ತು. ಇಂಥವಳ ಪಕ್ಕದಲ್ಲಿ ಕೂತು ಒಬ್ಬ ಗಂಡಸು ಸತ್ತ ಸೈನಿಕರನ್ನು ಎಣಿಸುತ್ತಿದ್ದ.

ಹಿಂದೊಮ್ಮೆ ಮೋಹನ್‌ಬಾಬು ಪೊಲೀಸ್ ಕೆಲಸಕ್ಕೆಂದು ಚಿಕ್ಕಬಳ್ಳಾಪುರದ ಮೈದಾನದಲ್ಲಿ ಓಡಲು ಹೋಗಿ, ಓಟ ಅರ್ಧಕ್ಕೆ ಬಂದಾಗ ಮರದ ನೆರಳಲ್ಲಿ ಕೂತುಬಿಟ್ಟಿದ್ದನಂತೆ. ಮನೆಯಲ್ಲಿ ಅದಕ್ಕೆ ಮಂಡಿನೋವು ಎಂಬ ಹೆಸರಿತ್ತು. ಆ ಮಂಡಿನೋವು ವಾಸಿಯಾಗಲೇ ಇಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಕಂಡರೆ ಹೆಚ್ಚುತ್ತಿತ್ತು, ಫೋನು ಹಿಡಿದು ಚಕ್ಕಂಬಕ್ಕಲ ಹಾಕಿ ಕೂತರೆ ಮಾಯವಾಗುತ್ತಿತ್ತು. ಗ್ಯಾಸ್ ಸಿಲಿಂಡರ್ ಮುಗಿದಾಗ ಅವನು ಅದನ್ನು ಸಪ್ಲೈ ಲೈನ್ ತುಂಡಾಗಿದೆ ಎಂದು ವರ್ಣಿಸಿದ. ಪಕ್ಕದ ಮನೆಯವರ ಸ್ಕೂಟರಿನಲ್ಲಿ ಹೋಗಿ ತುಂಬಿದ ಸಿಲಿಂಡರ್ ತಂದವಳು ಶಿರೀಷಾ. ಅಂದು ಸಂಜೆ ಅವನು ತನ್ನ ದಂಡಿನವರಿಗೆ, ಮನೆಯ ಕಡೆ ಸ್ವಲ್ಪ ತೊಂದರೆ ಇತ್ತು, ಹ್ಯಾಂಡಲ್ ಮಾಡಿದೆ ಎಂದು ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು.

ಅವನ ದಂಡು ಎಂದರೆ ಕಿವಿಗೆ ಸಿಕ್ಕಿಸಿಕೊಂಡ ತಂತಿಯೊಳಗಿನ ಒಂದಿಷ್ಟು ದನಿಗಳು. ಶಿಡ್ಲಘಟ್ಟದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಫರ್ದೀನ್, ಹಿಂದೂಪುರದ ಒಬ್ಬ, ಚಿಂತಾಮಣಿಯ ಇನ್ನೊಬ್ಬ. ದಂಡಿನಲ್ಲಿ ಮೋಹನ್‌ಬಾಬುವಿನದು ಒಂದೇ ಕಾನೂನು: ಗಾಯಗೊಂಡವನನ್ನು ಹಿಂದೆ ಬಿಟ್ಟು ಬರುವ ಹಾಗಿಲ್ಲ. ಯುಗಾದಿಯ ದಿನ ಒಬ್ಬಟ್ಟಿನ ಎಲೆ ಮುಂದೆ ಇದ್ದರೂ ಏಳದೆ, ಗುಂಡೇಟು ತಿಂದ ಹಿಂದೂಪುರದವನನ್ನು ಹೊಳೆ ದಾಟಿಸಿ ಬಂದವನು ಅವನು. ಅಷ್ಟರಲ್ಲಿ ಒಬ್ಬಟ್ಟಿನ ಮೇಲೆ ಇರುವೆ ಹತ್ತಿತ್ತು.

ಮನೆಯ ನಿಜವಾದ ದಂಡು ಬೇರೆ ಇತ್ತು. ಅದರ ಯಜಮಾನಿ ಅವನ ತಾಯಿ ವರಲಕ್ಷ್ಮಮ್ಮ. ಮಗು ಮಲಗುವ ಕೋಣೆಗೆ ಅಂಟಿಕೊಂಡೇ ಅವರ ಹುಳು ಮನೆ, ಎಂದರೆ ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ. ಎರಡಕ್ಕೂ ನಡುವೆ ಒಂದು ಗೋಡೆ, ಗೋಡೆಯ ನೆತ್ತಿಯಲ್ಲಿ ಒಂದು ಗವಾಕ್ಷಿ. ಹುಳು ಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಪೌಡರ್, ಸೆಂಟು, ಬೀಡಿಯ ವಾಸನೆ ಹೊತ್ತವರು ಹೊಸ್ತಿಲಲ್ಲೇ ನಿಲ್ಲಬೇಕು. ಸೊಳ್ಳೆ ಬತ್ತಿ, ಸೊಳ್ಳೆ ಎಣ್ಣೆಯ ಹೆಸರೆತ್ತಿದರೂ ವರಲಕ್ಷ್ಮಮ್ಮ ಮುಖ ಗಂಟಿಕ್ಕುತ್ತಿದ್ದರು. ಸೊಳ್ಳೆಯನ್ನು ಕೊಲ್ಲುವ ಹೊಗೆ ಹುಳುವನ್ನು ಉಳಿಸುವುದಿಲ್ಲ. ಮೈಯೆಲ್ಲ ಮಗುವಿನ ಪೌಡರ್ ಮೆತ್ತಿಕೊಂಡ ಶಿರೀಷಾಗೆ ಆ ಕೋಣೆಗೆ ಪ್ರವೇಶವೇ ಇರಲಿಲ್ಲ. ಕರೆಂಟಿಗೆ ಸಿಕ್ಕಿಸುವ ಸೊಳ್ಳೆ ಮಿಶಿನ್ ಒಂದನ್ನು ಮಗುವಿನ ಕೋಣೆಯಲ್ಲಿ ಇಡಲು ಅವಳು ತಿಂಗಳುಗಟ್ಟಲೆ ಕಾಡಿ ಒಪ್ಪಿಗೆ ಪಡೆದಿದ್ದಳು. ಅದಕ್ಕೂ ಕಟ್ಟುಪಾಡು: ಗವಾಕ್ಷಿಗೆ ಹಲಗೆ ಮುಚ್ಚಿ, ಬಾಗಿಲು ಹಾಕಿ, ಮಗು ಮಲಗಿದಾಗ ಮಾತ್ರ.

ಹುಳು ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಜ್ವರ ಎಂದರೆ ಅವು ತಿನ್ನುವುದನ್ನು ಬಿಟ್ಟು ಪೊರೆ ಕಳಚುವ ಹೊತ್ತು. ಕೊನೆಯದು ಕಳೆದ ಮೇಲೆ ಅವಕ್ಕೆ ಹಸಿವೋ ಹಸಿವು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು. ಅಂಥ ಹೊತ್ತಿನಲ್ಲಿ ಗೌರಿಬಿದನೂರಿನ ತಂಗಿಗೆ ಕಣ್ಣಿನ ಆಪರೇಷನ್ ಎಂದು ವರಲಕ್ಷ್ಮಮ್ಮ ಹೊರಡಬೇಕಾಯಿತು. ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಕಾಲು ಏಳಲಿಲ್ಲ.

"ಹೋಗ್ ಬಾರಮ್ಮ, ಯಾಕಿಷ್ಟು ಯೋಚ್ನೆ ಮಾಡ್ತೀಯ," ಎಂದ ಮೋಹನ್‌ಬಾಬು. "ದಿನಾ ಅಷ್ಟು ದೊಡ್ಡ ಸೈನ್ಯಕ್ಕೆ ಊಟ ಹಾಕೋನು ನಾನು. ಹುಳು ಏನ್ ಮಹಾ."

ವರಲಕ್ಷ್ಮಮ್ಮ ಸೊಸೆಯನ್ನು ಪಕ್ಕಕ್ಕೆ ಕರೆದು, ಈ ಸಲದ ಬೆಳೆ ಕೆಟ್ಟರೆ ಊರವರು ಹುಳುವನ್ನು ಬಯ್ಯುವುದಿಲ್ಲ, ಮನೆಯ ಹೆಂಗಸರನ್ನು ಬಯ್ಯುತ್ತಾರೆ, ಆ ಮಿಶಿನ್ ಜೋಪಾನ ಎಂದು ಹೇಳಿ ಬಸ್ಸು ಹತ್ತಿದರು.

ಮೋಹನ್‌ಬಾಬು ಹುಳುಗಳಿಗೆ ಸೊಪ್ಪು ಹಾಕಿದ, ಅದನ್ನು ಅಲ್ಲಗಳೆಯುವಂತಿಲ್ಲ. ಹಾಕಿ ಅಲ್ಲೇ ಕೂತ. ತಂಪಾಗಿತ್ತು, ಯಾರೂ ಒಳಗೆ ಬರುವಂತಿರಲಿಲ್ಲ, ಮೂಲೆಯ ಗವಾಕ್ಷಿಯ ಕೆಳಗೆ ಚಾರ್ಜರ್ ಸಿಕ್ಕಿಸುವ ಜಾಗವೂ ಇತ್ತು. ಲೋಕದಲ್ಲಿ ಅವನಿಗೆ ಇದಕ್ಕಿಂತ ಒಳ್ಳೆಯ ಕೋಟೆ ಎಲ್ಲಿ ಸಿಗಬೇಕು.

ಮರುದಿನ ಶಿರೀಷಾ ಮಗುವಿಗೆ ಚುಚ್ಚುಮದ್ದು ಹಾಕಿಸಲು ಶಿಡ್ಲಘಟ್ಟಕ್ಕೆ ಹೋದಳು. ಚುಚ್ಚಿದ ಕಾಲು ಕೆಂಪಗಾಗಿದೆಯೇ, ಜ್ವರ ಬರುತ್ತದೆಯೇ ಎಂದು ಬಸ್ಸಿನುದ್ದಕ್ಕೂ ಮಗುವಿನ ಹಣೆ ಮುಟ್ಟುತ್ತಾ ಸಂಜೆಗೆ ಮನೆ ಸೇರಿದರೆ, ಕೋಣೆಯಲ್ಲಿ ಸೊಳ್ಳೆ ಮಿಶಿನ್ನಿನ ಕೆಂಪು ದೀಪ ಉರಿಯುತ್ತಿತ್ತು. ಗವಾಕ್ಷಿಗೆ ಹಲಗೆ ಇರಲಿಲ್ಲ. ಅವಳು ಮೊದಲು ಮಿಶಿನ್ ಕಿತ್ತಳು. ಹೊರಡುವಾಗ ಆರಿಸಿದ್ದೆನೆಂದೇ ಅವಳ ನೆನಪು. ಆದರೆ ಹೊರಡುವಾಗ ಮಗು ಅಳುತ್ತಿತ್ತು, ಚುಚ್ಚುಮದ್ದಿನ ಕಾರ್ಡು ಸಿಕ್ಕಿರಲಿಲ್ಲ, ಬಸ್ಸಿನ ಹಾರನ್ ಕೇಳುತ್ತಿತ್ತು. ಗಂಡನನ್ನು ಕೇಳಿದಳು.

ಅವನು ಫೋನಿನಿಂದ ಕಣ್ಣು ತೆಗೆಯಲಿಲ್ಲ. "ನೀನೇ ಹಾಕ್ಬಿಟ್ಟು ಹೋಗಿದ್ದೆ ಕಣೇ. ನಾನು ಈಗ್ಲೇ ನೋಡ್ದೆ."

ಬೆಳಿಗ್ಗೆ ಸೊಪ್ಪು ಹಾಕಲು ಒಳಗೆ ಹೋದವನು ಅದನ್ನು ಹೊತ್ತುಕೊಂಡೇ ಹೊರಗೆ ಬಂದ. ಮೂಲೆಯ ಕಡೆಯ ಹುಳುಗಳು ಸೊಪ್ಪು ಮುಟ್ಟದೆ, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತಾ ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕೆಲವು ಸುರುಟಿಕೊಂಡು ಕೆಳಗೆ ಬಿದ್ದಿದ್ದವು. ಸೇನಾಪತಿಗಳು ತಮ್ಮ ತಾಯಿಗೆ ಫೋನು ಮಾಡಲು ಹೆಂಡತಿಗೆ ಅಪ್ಪಣೆ ಕೊಟ್ಟರು.

ವರಲಕ್ಷ್ಮಮ್ಮ ಮಧ್ಯಾಹ್ನಕ್ಕೆ ಬಂದಿಳಿದರು. ಕಾಲು ತೊಳೆದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಆಚೆ ಕೊನೆಯ ಹುಳು ಚೆನ್ನಾಗಿದ್ದವು, ಈ ಮೂಲೆಯವು ಮಾತ್ರ ಸಾಲಾಗಿ ಕೆಟ್ಟಿದ್ದವು. ಮೂಲೆಯ ಮೇಲೆ ಗವಾಕ್ಷಿ, ಗವಾಕ್ಷಿಯ ಆಚೆ ಸೊಸೆಯ ಮಿಶಿನ್. ಅವರಿಗೆ ಇನ್ನು ಹೆಚ್ಚು ಯೋಚಿಸಬೇಕಾದುದೇನೂ ಕಾಣಲಿಲ್ಲ. ಅಂಗಳಕ್ಕೆ ಬಂದು ಜಗಲಿಯ ಮೇಲೆ ಕೂತರು.

"ಹೇಳು ಅಮ್ಮಾಯಿ," ಎಂದರು, ದನಿ ಏರಿಸದೆ. "ಮಿಶಿನ್ ಆರಿಸಿ ಹೋಗಿದ್ಯಾ, ಇಲ್ವಾ?"

ಶಿರೀಷಾಗೆ ಆರಿಸಿದ್ದೇನೆ ಎನ್ನುವುದಕ್ಕೆ ಬಾಯಿ ಬರಲಿಲ್ಲ. ರಾತ್ರಿಯಿಡೀ ಅವಳು ತನ್ನ ಬೆರಳು ಸ್ವಿಚ್ಚಿನ ಮೇಲೆ ಇದ್ದುದನ್ನು ನೆನೆಸಿಕೊಂಡು, ಒತ್ತಿದೆನೋ ಇಲ್ಲವೋ ಎಂದು ತಡಕಾಡಿ ಸೋತಿದ್ದಳು. ಇನ್ನು ಜೀವಮಾನವಿಡೀ ತಾನು ಈ ಊರಿನಲ್ಲಿ ಹುಳು ಕೊಂದ ಸೊಸೆ. ಅದಕ್ಕಿಂತ ಹೆಚ್ಚಾಗಿ, ಮಿಶಿನ್ ಹೋಗುತ್ತದೆ, ಮಗು ಸೊಳ್ಳೆಯ ಪಾಲಾಗುತ್ತದೆ. ನೆನಪಿಲ್ಲ ಅತ್ತೆ ಎಂದಷ್ಟೇ ಹೇಳಿದಳು.

ಆಗ ಮೋಹನ್‌ಬಾಬು ದೊಡ್ಡ ಮನಸ್ಸು ಮಾಡಿದ. "ಹೋಗ್ಲಿ ಬಿಡಮ್ಮ. ಸಿಟಿಯೋಳು, ಅವಳಿಗೇನ್ ಗೊತ್ತಾಗುತ್ತೆ. ಬೇಕಂತ ಮಾಡಿದ್ದಲ್ಲ."

ಕ್ಷಮಿಸಿಬಿಟ್ಟ. ಶಿರೀಷಾಗೆ ಅವನ ಮೇಲೆ ಆ ಕ್ಷಣ ಕೃತಜ್ಞತೆಯಂಥದ್ದು ಹುಟ್ಟಿತ್ತು. ಆಮೇಲೆ ಅದನ್ನು ನೆನೆಸಿಕೊಂಡಾಗಲೆಲ್ಲ ಅವಳಿಗೆ ಬಾಯಿ ಮುಕ್ಕಳಿಸಬೇಕೆನ್ನಿಸುತ್ತಿತ್ತು.

ವರಲಕ್ಷ್ಮಮ್ಮ ಮಿಶಿನ್ ತರಿಸಿ ಕಸದ ಬುಟ್ಟಿಯ ಪಕ್ಕ ಇಡಿಸಿದರು. ಸತ್ತ ಹುಳುವನ್ನು ಸುಣ್ಣ ಹಾಕಿ ಹೂಳಬೇಕಿತ್ತು. ಹಿತ್ತಲಲ್ಲಿ ಮಗನ ಕೈಗೆ ಗುದ್ದಲಿ ಕೊಟ್ಟರು. ಮಂಡಿನೋವಿನ ಮಾತು ಅವನ ನಾಲಗೆಯ ತುದಿಗೆ ಬಂದು, ತಾಯಿಯ ಮುಖ ನೋಡಿ ಹಿಂದಕ್ಕೆ ಹೋಯಿತು. ಫೋನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಅಗೆಯತೊಡಗಿದ. ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಶಿರೀಷಾ ಸುಣ್ಣದ ಚೀಲ ಹಿಡಿದು ನಿಂತಿದ್ದಳು.

ಗುಂಡಿ ಮಂಡಿಯುದ್ದ ಆಗುವ ಹೊತ್ತಿಗೆ ಫೋನು ಹೊಡೆದುಕೊಂಡಿತು. ಅವನ ಕೈ ತುಂಬಾ ಮಣ್ಣು. ಒಂದು ಗಳಿಗೆ ಅದನ್ನು ಹೊಡೆದುಕೊಳ್ಳಲು ಬಿಡಬಹುದಿತ್ತು. ಆದರೆ ಕರೆ ಬಂದಿದ್ದು ದಂಡಿನಿಂದ. "ಲೇ, ಸ್ವಲ್ಪ ಸ್ಪೀಕರಿಗೆ ಹಾಕೇ, ಫರ್ದೀನ್ ಇರ್ಬೇಕು," ಎಂದ.

ಅವಳು ಹಾಕಿದಳು.

"ಅಣ್ಣಾ, ಎಲ್ಲಾರೂ ಕಾಯ್ತಾ ಇದೀವಿ," ಎಂದಿತು ಫರ್ದೀನನ ದನಿ. "ಇವತ್ತಾದ್ರೂ ಎದ್ದು ಹೋಗ್ಬೇಡಿ. ನಿನ್ನೆ ಏನ್ ಮಾಡಿದ್ರಿ? ಸೊಳ್ಳೆ ಕಚ್ತಾವೆ, ಪಾಪು ರೂಮಿಂದ ಮಿಶಿನ್ ತಂದು ಇಲ್ಲಿ ಹಾಕ್ಕೊಂತೀನಿ, ಒಂದ್ನಿಮಿಷ ಅಂತ ಹೋದ್ರಿ. ಅಷ್ಟರಲ್ಲಿ ಸೇತುವೆ ಹತ್ರ ನಮ್ಮೋರೆಲ್ಲ ಹೋಗ್ಬಿಟ್ರು. ಆಮೇಲೆ ಸಾಯಂಕಾಲ ಇನ್ನೊಂದ್ಸಲ ಎದ್ರಿ, ಹೆಂಡ್ತಿ ಬರೋ ಹೊತ್ತಾಯ್ತು ಮಿಶಿನ್ ವಾಪಸ್ ಇಡ್ಬೇಕು ಅಂತ. ಕಮಾಂಡರೇ ಹಿಂಗ್ ಮಾಡಿದ್ರೆ ಹೆಂಗಣ್ಣ?"

ಗುದ್ದಲಿ ನಿಂತಿತ್ತು. ಶಿರೀಷಾ ಗಂಡನ ಮುಖ ನೋಡಿದಳು. ಅವನು ಗುಂಡಿಯ ತಳ ನೋಡುತ್ತಿದ್ದ. ಮೊದಲ ಸುಳ್ಳು ಅವಳ ಬೈಗುಳಕ್ಕೆ ಹೆದರಿ ಆಡಿದ್ದು, ಅದು ಅವಳಿಗೆ ಅರ್ಥವಾಯಿತು. ಹುಳು ಸತ್ತದ್ದು ಕಂಡ ಮೇಲೂ ಅದನ್ನೇ ಹಿಡಿದುಕೊಂಡು, ತಾಯಿಯ ಮುಂದೆ ಅವಳನ್ನು ಕ್ಷಮಿಸಿದ್ದು ಮಾತ್ರ ಯಾವ ಕಡೆಯಿಂದ ನೋಡಿದರೂ ಅರ್ಥವಾಗಲಿಲ್ಲ. ಗುಂಡೇಟು ತಿಂದ ಹಿಂದೂಪುರದವನನ್ನು ಹೊತ್ತು ಹೊಳೆ ದಾಟಿದ ಮಹಾಶಯ ಇವನೇ.

ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ವರಲಕ್ಷ್ಮಮ್ಮ ಹತ್ತಿರ ಬಂದಿದ್ದರು. ಸೊಸೆಯ ಕೈಯಿಂದ ಫೋನು ತೆಗೆದುಕೊಂಡು, ಬಾಯಿಯ ಹತ್ತಿರ ಹಿಡಿದರು.

"ಯಾರಪ್ಪಾ ನೀನು, ಫರ್ದೀನಾ? ನಿಮ್ಮ ಕಮಾಂಡರು ಗುಂಡಿ ತೋಡ್ತಾವ್ರೆ ಕಣಪ್ಪ. ಗೂಡು ಬಿಡಿಸೋ ತನಕ ಯುದ್ಧಕ್ಕೆ ಬರಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಆ ಕಡೆ ಫರ್ದೀನ್ ಗಾಬರಿಯಲ್ಲಿ ಏನೋ ಹೇಳಿ, ಅಮ್ಮಾ ಎಂದು, ಸಲಾಂ ಎಂದು, ಕರೆ ಕಡಿದ. ವರಲಕ್ಷ್ಮಮ್ಮ ಫೋನನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಸದ ಬುಟ್ಟಿಯ ಪಕ್ಕದಿಂದ ಮಿಶಿನ್ ಎತ್ತಿ, ಸೆರಗಿನ ತುದಿಯಿಂದ ಒರೆಸಿ, ಸೊಸೆಯ ಕೈಗೆ ಕೊಟ್ಟರು. ನಾನು ಒಂದು ಮಾತು ನಿನ್ನನ್ನು ಸರಿಯಾಗಿ ಕೇಳಬೇಕಿತ್ತು ಎಂಬ ಹಾಗೆ ಅವರ ತುಟಿ ಅಲುಗಿತು, ಆದರೆ ಹೊರಗೆ ಬಂದದ್ದು ಬೇರೆ.

"ಮಗೂನ ನಂಗ್ ಕೊಡು, ಮಲಗಿಸ್ತೀನಿ. ನೀನು ಬರೀ ನೀರಲ್ಲಿ ಸ್ನಾನ ಮಾಡಿ ಬಾ. ಸೋಪು ಬೇಡ, ಪೌಡರ್ ಬೇಡ. ಆಚೆ ಕಡೆ ಹುಳ ಹಣ್ಣಾಗ್ತಾವೆ, ಆರಿಸಿ, ಗೂಡು ಕಟ್ಟೋಕೆ ಬಿದಿರು ಚಂದ್ರಿಕೆ ಮೇಲೆ ಬಿಡಬೇಕು. ಒಬ್ಬಳ ಕೈಲಿ ಆಗಲ್ಲ."

ಶಿರೀಷಾಗೆ ಭಯವಾಯಿತು. ಹುಳು ಮುಟ್ಟಿ ಗೊತ್ತಿಲ್ಲ, ಮಗು ಎದ್ದು ಅತ್ತರೆ ಕೈ ತೊಳೆಯುವವರೆಗೆ ಎತ್ತಿಕೊಳ್ಳುವ ಹಾಗಿಲ್ಲ, ಚುಚ್ಚಿದ ಕಾಲು ಇನ್ನೂ ಬೆಚ್ಚಗಿದೆ. ಆದರೂ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಚ್ಚಲ ಕಡೆ ತಿರುಗಿದಳು.

ಹಿಂದೆ ಗುಂಡಿಯೊಳಗಿನಿಂದ ಮೋಹನ್‌ಬಾಬು ಗಂಟಲು ಸರಿಮಾಡಿಕೊಂಡ. ಕೊನೆಗೂ ಏನೋ ಹೇಳುತ್ತಾನೆ ಎಂದು ಅವಳು ನಿಂತಳು.

"ಅಲ್ಲಮ್ಮ," ಎಂದ ಅವನು ತಾಯಿಗೆ, ಮೆಲ್ಲಗೆ. "ಇವತ್ತು ಸೇತುವೆ ಯಾರ್ ಕಾಯ್ತಾರಂತೆ?"

ಶಿರೀಷಾ ಸುಣ್ಣದ ಚೀಲವನ್ನು ಕಾಲಿನಿಂದ ಗುಂಡಿಯ ಅಂಚಿಗೆ ತಳ್ಳಿ, ಸ್ನಾನಕ್ಕೆ ಹೋದಳು.